ಉದ್ಗಾರದ ಮೊಳಿ

ಗದಗಿನ ಸ್ಟೇಷನ್ ರೋಡಿನ ಹಿಂದ, ಹತ್ತಿ ಗಿರಣಿಯ ಗ್ವಾಡಿಗೆ ಹೊಂದಿ
ಹೊಂಬಳಿಯವರ ಅಚ್ಚುಕೂಟ. ಅಲ್ಲಿ ಹನ್ನೊಂದು ವರ್ಷ
ಒಂದು ರಾಜ್ಯವನ್ನ ನಾನು ತಲಿಕೆಳಗ ಓದಿದೆ:
ಏಳು ಕಣಿವಿ, ಹಿಂದಕ್ಕ ಹರಿಯೋ ಒಂದು ಹೊಳಿ,
ಮಂಜಿನ ಕೆಳಗ ರೆಕ್ಕಿ ಮಡಚಿ ಮಲಗಿದ ಸರ್ಪ,
ಸಿಂಹಾಸನ ಒಂದ, ಅಣ್ಣತಮ್ಮ ಇಬ್ಬರು.

ಬರದಾತ ಸವಣೂರಿನ ಡ್ರಾಯಿಂಗ್ ಮಾಸ್ತರ.
ತಿಂಗಳಿಗೊಮ್ಮೆ ಕಂಡಕ್ಟರನ ಕೈಲೆ
ಹಸ್ತಪ್ರತಿ ಬರತಿತ್ತು, ವೀಳ್ಯದೆಲಿ ಬುಟ್ಟಿಯ ಜೋಡಿ.

ಅಣ್ಣ ವಜ್ರಕೇತ ಬಾಯಿ ತಗದರ ನನಗ ಹೆದರಿಕಿ.
"ಏಳ್ರಿ! ನಡೀರಿ! ಈ ನೆಲ ನಮ್ಮದು!"
ಒಂದ ಪುಟಕ್ಕ ಮೂವತ್ತು ಉದ್ಗಾರದ ಮೊಳಿ.
ಖಾನೆಯೊಳಗ ಇದ್ದದ್ದ ಇಪ್ಪತ್ನಾಲ್ಕು.
ಉಳಿದ ಆರಕ್ಕ ರಾಜೇಸಾಬ ಮದುವಿ ಪತ್ರಿಕೆಯ ಫಾರ್ಮು ಬಿಚ್ಚಿ
ಬೀಗರ ಸುಸ್ವಾಗತದಿಂದ ಕಿತ್ತು ಕೊಡತಿದ್ದ.

ತಮ್ಮ ಸೋಮಾಂಕ ನಮ್ಮ ಪಾಲಿನ ದೇವರು.
ಅವನ ಪುಟ ಸಂಜಿ ಆರರೊಳಗ ಮುಗೀತಿತ್ತು.
"ಹೂಂ" ಅಂದ. ಸುಮ್ಮನಾದ. ನಕ್ಷೆಯ ಮ್ಯಾಲೆ ಬೆರಳಿಟ್ಟ.
ಸಾಲಿನ ಉಳಿದ ಜಾಗಕ್ಕ ಖಾಲಿ ಸೀಸ ತುಂಬತಿದ್ದೆ,
ಮುಖ ಇಲ್ಲದ ಮೊಳಿ, ಮಸಿ ಮುಟ್ಟೂದಿಲ್ಲ,
ಅದು ಇರದಿದ್ದರ ಸಾಲ ನಿಲ್ಲೂದಿಲ್ಲ.
ನಾಯಕ ಅಂದರ ಹಿಂಗಿರಬೇಕು ಅಂತಿದ್ದೆ.
ರಾಜೇಸಾಬ ಒಪ್ಪತಿದ್ದಿಲ್ಲ:
"ಖಾಲಿ ಸೀಸದ ಹಿಂದ ಯಾರು ಯುದ್ಧಕ್ಕ ಹೋಗತಾರೋ?
ಎಂಟು ಸಾವಿರ ಮಂದಿ. ಕಡೀ ಸಾಲಿನವಗ ಕೇಳಬ್ಯಾಡೇನು?"

ಮಿರ್ಚಿ ತಿನ್ನೂ ಹೊತ್ತಿನಾಗ ಈ ಜಗಳ ದಿನಾ.
ನಾ ಅನ್ನಾವ: ಮೂರನೇ ಕಣಿವ್ಯಾಗ ಅಣ್ಣನ ಹುಂಬತನಕ್ಕ
ಆರು ನೂರು ಕುದುರಿ ಹೊಳಿಪಾಲಾದುವು.
ಅವ ಅನ್ನಾವ: ನಿನ್ನ ಸೋಮಾಂಕ ವಿಚಾರ ಮಾಡಕೋತ ಕುಂತದ್ದಕ್ಕ
ಉಪ್ಪಿನ ಕ್ವಾಟಿ ಹೋತು, ಅದರ ಲೆಕ್ಕ ಹೇಳು.
ನಾ ಹೇಳತಿದ್ದಿಲ್ಲ. ಖಾರ ಆತಂತ ನೀರ ಕುಡೀತಿದ್ದೆ.

ಹಾಳಿ ಮಡಿಚಿ ಹೊಲಿಯೋ ಕಾಶವ್ವಗ ಓದಾಕ ಬರೂದಿಲ್ಲ.
ನಮ್ಮ ಬಾಯಿಂದ ಕೇಳಿ ಕೇಳಿ ಕತಿ ಪೂರಾ ಗೊತ್ತು.
ಒಂದಿನ ಸೂಜಿ ಹಲ್ಲಾಗ ಹಿಡಕೊಂಡು ಕೇಳಿದಳು:
"ಆ ಕುದುರಿ ಮೇಯಿಸೋ ಹುಡುಗ ಅದಾನಲ್ಲ,
ಅವನ ಹೆಸರು ಇಬ್ಬರಾಗ ಯಾರಿಗೆ ಗೊತ್ತೈತಿ?"

ಅಚ್ಚಾದ ಹಾಳಿ ನೆಲಕ್ಕ ಹರವಿ ಹುಡುಕಿದಿವಿ.
ಸೋಮಾಂಕ ಅವನ್ನ "ಹುಡುಗ" ಅಂದಿದ್ದ, ನಾಲ್ಕು ಸರ್ತಿ, ಮೆತ್ತಗ.
ವಜ್ರಕೇತ ಅಂತೂ ನೋಡೇ ಇರಲಿಲ್ಲ.
ಕಾಶವ್ವ ಏನೂ ಅನಲಿಲ್ಲ. ದಾರಕ್ಕ ಮೇಣ ಹಚ್ಚಿದಳು.

ಐದನೇ ಸಂಪುಟ. ಎಲುವಿನ ಸೇತುವಿ. ಸರ್ಪ ಎದ್ದಿತ್ತು.
ಕರೆಂಟ ಹೋಗಿ, ಕಂದೀಲ ಬೆಳಕಿನಾಗ ಜೋಡಿಸಿದ ಪುಟ.
ಹುಡುಗ ಸೇತುವಿಯ ನಡುವ ನಿಂತಾನ, ಕಾಲು ಏಳವಲ್ಲವು.
ಸೈನ್ಯ ಈಚಿ ದಂಡಿಗೆ. ವಜ್ರಕೇತ ಖಡ್ಗ ಕೆಳಗಿಟ್ಟ,
ಹೆಸರು ಹಿಡಿದು ಕರೆದ: ಚಿಗರಿ.

ನನ್ನ ಬೆರಳಿಗೆ ರೂಢಿ.
ಅವ ಬಾಯಿ ತಗದಾನಂದ್ರ ಮುಂದ ಇದ್ದದ್ದ ಅಂತ
ಹೆಸರಿನ ಮಗ್ಗಲ ಒಂದು ಉದ್ಗಾರದ ಮೊಳಿ ನಿಲ್ಲಿಸಿದೆ.

ಎಂಟು ದಿನದ ಮ್ಯಾಲೆ ಮಾಸ್ತರನ ಕಾರ್ಡು ಬಂತು,
ಕೆಂಪು ಶಾಯಿ, ಒಂದ ಸಾಲು:
"ಪುಟ ೨೧೧. ಇಲ್ಲಿ ಅವ ಕೂಗಿಲ್ಲ."

ಅಷ್ಟೊತ್ತಿಗೆ ಫಾರ್ಮು ಬಿಚ್ಚಿ ಮೊಳಿ ಖಾನೆ ಸೇರಿದ್ದುವು.
ಕಾಶವ್ವ ಸಾವಿರ ಪ್ರತಿ ಹೊಲಿದು ಮುಗಿಸಿದ್ದಳು.
ಕಾರ್ಡು ರಾಜೇಸಾಬಗ ತೋರಿಸಲಿಲ್ಲ. ಗೆದ್ದೆ ಅಂದಾನು ಅಂತಲ್ಲ;
ಅವನೂ ಗೆದ್ದಿರಲಿಲ್ಲಂತ.

ಈಗ ಆ ಜಾಗಾದಾಗ ಮೊಬೈಲ್ ರಿಪೇರಿ.
ಸೀಸ ಕಿಲೋ ಲೆಕ್ಕದಾಗ ಹೋತು, ಮುಖ ಇದ್ದದ್ದೂ ಇಲ್ಲದ್ದೂ
ಒಂದ ತಕ್ಕಡಿ, ಒಂದ ರೇಟು.
ಬೆಟಗೇರಿಯ ವಾಚನಾಲಯದಾಗ ಐದನೇ ಸಂಪುಟ ಐತಿ.
ಹೋದಾಗೊಮ್ಮೆ ಆ ಪುಟ ತಗದು ಉಗುರಿಲೆ ಕೆರೀತೀನಿ.
ಮೊಳಿಯ ಒತ್ತು ಹಾಳಿಯ ಹಿಂದನೂ ಮೂಡಿರತೈತಿ,
ಸುಲಭಕ್ಕ ಹೋಗೂದಿಲ್ಲ.
ಸೇತುವಿಯ ನಡುವ ಆ ಹುಡುಗ
ಇನ್ನೂ ಬೆಚ್ಚತಾನ.